ಕೊನೆಯವರು ಯಾರು?

ರಾದೆಕ್‌ನ ಲೆಕ್ಕದ ಪ್ರಕಾರ ಆ ಶುಕ್ರವಾರ ಜಿವೊಗ್ರುದ್ ಮನರಂಜನಾ ಪಾರ್ಕಿನವರು ನೊಣ ಹೊಡೆಯುತ್ತ ಕೂತಿರಬೇಕಿತ್ತು. ಗುರುವಾರ ಚರ್ಚಿನ ಬೊಜೆ ಚಾವೊ ಹಬ್ಬ, ಮೆರವಣಿಗೆ, ರಜೆ. ಶನಿವಾರ ಭಾನುವಾರ ಹೇಗೂ ರಜೆ. ನಡುವಿನ ಶುಕ್ರವಾರಕ್ಕೆ ಇಡೀ ಪೋಲೆಂಡ್ ಒಂದು ರಜಾ ಅರ್ಜಿ ಬಿಸಾಕಿ ಸಮುದ್ರಕ್ಕೋ ಬೆಟ್ಟಕ್ಕೋ ಹೊರಟುಬಿಡುತ್ತದೆ, ಪಾರ್ಕಿನ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ಇದನ್ನು ಅವನು ರಾದೊಮ್‌ನಿಂದ ಹೊರಟಾಗಿನಿಂದ ಪೂರಾ ಎರಡು ಗಂಟೆ ಕಾರು ಓಡಿಸುತ್ತಲೇ ವಿವರಿಸಿದ್ದ. ಒಂಬತ್ತೂವರೆಗೆ ಪಾರ್ಕಿನ ಮುಂದಿನ ಮೈದಾನಕ್ಕೆ ಬಂದರೆ, ಇದೇ ಲೆಕ್ಕ ಹಾಕಿದ್ದ ಇನ್ನೂ ಎರಡು ಸಾವಿರ ರಾದೆಕ್‌ಗಳು ಕಾರು ನಿಲ್ಲಿಸಲು ಜಾಗ ಹುಡುಕುತ್ತಿದ್ದರು.

ಹಿಂದಿನ ಸೀಟಿನಲ್ಲಿ ಮೊಮ್ಮಗಳು ಕಾಲಿನಾಳ ಪಕ್ಕ ಅವನ ಅತ್ತೆ ಹೆನ್ರಿಕಾ ಕೂತಿದ್ದಳು. ಎಪ್ಪತ್ತು ವರ್ಷದ ಆಕೆಗೆ ಅಳಿಯನ ಬಗ್ಗೆ ಪ್ರೀತಿ ಇತ್ತು. ಆದರೆ ಅವನ ಮೊಬೈಲಿನ ಬಗ್ಗೆ ಇರಲಿಲ್ಲ.

"ಅಮ್ಮ, ಆ ಸ್ಟೂಲು ಕಾರಲ್ಲೇ ಇರ್ಲಿ," ಎಂದ ರಾದೆಕ್, ಡಿಕ್ಕಿ ತೆರೆದು. "ಎಲ್ಲರೂ ನೋಡ್ತಾರೆ."

"ನೋಡ್ಲಿ. ನೋಡಿ ಹೊಟ್ಟೆ ಉರ್ಕೊಳ್ಲಿ."

ಅದು ಅವಳ ಗಂಡ ಜಿಸ್ವಾವ್ ಮೀನು ಹಿಡಿಯಲು ಹೋಗುವಾಗ ಒಯ್ಯುತ್ತಿದ್ದ ಮಡಚುವ ಸ್ಟೂಲು. ಗಂಡ ಹೋಗಿ ಆರು ವರ್ಷವಾಗಿತ್ತು, ಸ್ಟೂಲಿನ ಬಟ್ಟೆ ಎರಡು ಸಲ ಬದಲಾಗಿತ್ತು. ಅವಳು ಅದನ್ನು ಹೆಗಲಿಗೆ ಹಾಕಿಕೊಂಡಳು, ಊರುಗೋಲನ್ನು ಮಾತ್ರ ಕಾರಿನಲ್ಲೇ ಬಿಟ್ಟಳು. ಅದಕ್ಕೆ ಕಾರಣವಿತ್ತು. ಕೋಲು ಊರಿಕೊಂಡು ಬಂದವರನ್ನು ಗ್ರೋಮ್ ಹತ್ತಿಸುವುದಿಲ್ಲ.

ಗ್ರೋಮ್ ಅಂದರೆ ಆ ಪಾರ್ಕಿನ ಹಿಂದಿನ ಮೂಲೆಯಲ್ಲಿ ಮರಗಳ ಮೇಲಿಂದ ತಲೆ ಎತ್ತಿ ನಿಂತ ರೋಲರ್ ಕೋಸ್ಟರ್. ಕಳೆದ ಬೇಸಿಗೆಯಲ್ಲಿ ಮೊಮ್ಮಗಳು ಕಾಲಿನಾ ಅದರ ಸರದಿಯಲ್ಲಿ ಎರಡು ಗಂಟೆ ನಿಂತಿದ್ದಳು. "ಹತ್ತಿರ ಹತ್ತಿರ ಇದ್ದಾಳೆ, ಬಿಡ್ತಾರೆ" ಎಂದು ರಾದೆಕ್ ಧೈರ್ಯ ಹೇಳಿದ್ದ. ತುದಿಯಲ್ಲಿದ್ದ ಅಳತೆಯ ಕಂಬಕ್ಕೆ ನಿಲ್ಲಿಸಿದಾಗ ಮೂರು ಸೆಂಟಿಮೀಟರ್ ಕಮ್ಮಿ ಬಂತು. ಹುಡುಗಿ ಅಳಲಿಲ್ಲ, ಬೂಟಿನ ಲೇಸು ಬಿಚ್ಚಿ ಮತ್ತೆ ಕಟ್ಟಿದಳು, ಮತ್ತೆ ಬಿಚ್ಚಿ ಮತ್ತೆ ಕಟ್ಟಿದಳು. ಅದನ್ನು ನೋಡಲಾರದೆ ಹೆನ್ರಿಕಾ, "ಮುಂದಿನ ವರ್ಷ ನಿನ್ನ ಪಕ್ಕದಲ್ಲಿ ನಾನೇ ಕೂರ್ತೀನಿ, ನೋಡ್ತಿರು," ಎಂದು ಮಾತು ಕೊಟ್ಟಿದ್ದಳು. ಆಮೇಲೆ ತಿಂಗಳಿಗೊಮ್ಮೆ ಅಡುಗೆಮನೆಯ ಬಾಗಿಲ ಚೌಕಟ್ಟಿನಲ್ಲಿ ಪೆನ್ಸಿಲ್ ಗೆರೆ ಬೀಳುತ್ತ ಬಂತು. ಹಬ್ಬದ ಹಿಂದಿನ ದಿನ ಅಳೆದಾಗ ನೂರ ನಲವತ್ತೊಂದು. ಬೇಕಾದದ್ದು ನೂರ ನಲವತ್ತು.

ಇನ್ನೊಂದು ಸಂಗತಿಯೂ ಇತ್ತು. ಹೆನ್ರಿಕಾಳ ಬಲ ಸೊಂಟದ ಕೀಲು ಸವೆದುಹೋಗಿತ್ತು. ಆಪರೇಷನ್ನಿಗೆ ಹೆಸರು ಬರೆಸಿ ಮೂರು ವರ್ಷ ಕಾದ ಮೇಲೆ ಆಸ್ಪತ್ರೆಯಿಂದ ಕಾಗದ ಬಂದಿತ್ತು, ಮುಂದಿನ ಮಂಗಳವಾರ ಬನ್ನಿ ಎಂದು. ಮಂಗಳವಾರದ ನಂತರ ಅವಳ ಸೊಂಟದಲ್ಲಿ ಲೋಹದ ಕೀಲು ಇರುತ್ತದೆ. ಗ್ರೋಮ್‌ನ ಬಾಗಿಲಲ್ಲಿದ್ದ ಫಲಕ ದಪ್ಪ ಅಕ್ಷರದಲ್ಲಿ ಹೇಳುತ್ತಿತ್ತು: ಕೃತಕ ಕೀಲು ಇರುವವರಿಗೆ ಪ್ರವೇಶವಿಲ್ಲ. ಈಗ ಹತ್ತಬಹುದೇ ಎಂದು ಡಾಕ್ಟರಮ್ಮನನ್ನು ಕೇಳಿದಾಗ ಆಕೆ, "ಮಂಗಳವಾರದ ಮೇಲೆ ಕೇಳಿ, ಖಂಡಿತಾ ಬೇಡ ಅಂತೀನಿ. ಈಗ ದಯವಿಟ್ಟು ಕೇಳ್ಬೇಡಿ," ಎಂದು ಕಿಟಕಿಯ ಕಡೆ ನೋಡಿದ್ದಳು. ಅಂತೂ ಅಜ್ಜಿ ಮೊಮ್ಮಗಳು ಜೊತೆಯಾಗಿ ಕೂರುವುದಿದ್ದರೆ ಇವತ್ತೇ. ಇವತ್ತು ತಪ್ಪಿದರೆ ಈ ಜನ್ಮದಲ್ಲಿ ಇಲ್ಲ.

ಸರದಿ ತಪ್ಪಿಸಿ ಹೋಗುವ ವಿಶೇಷ ಟಿಕೆಟ್ಟುಗಳು ಮೂರು ವಾರದ ಹಿಂದೆಯೇ ಖಾಲಿಯಾಗಿದ್ದವು. ರಾದೆಕ್ ಅದಕ್ಕೆಲ್ಲ ಜಗ್ಗುವವನಲ್ಲ.

"ನೋಡಿ ಅಮ್ಮ, ಗುಟ್ಟು ಏನು ಗೊತ್ತಾ? ಜನ ಬಾಗಿಲ ಹತ್ತಿರ ಇರೋ ಆಟಕ್ಕೇ ಮುಗಿಬೀಳ್ತಾರೆ. ನಾವು ಹತ್ತು ಗಂಟೆಗೆ ಗೇಟ್ ತೆರೆದ ತಕ್ಷಣ ಎಲ್ಲೂ ನಿಲ್ಲದೆ ಸೀದಾ ಹಿಂದಕ್ಕೆ ಹೋಗೋದು. ಈ ಆ್ಯಪ್‌ನಲ್ಲಿ ಬರೆದಿದ್ದಾರೆ."

"ಆ ಆ್ಯಪು ನಿನಗೊಬ್ಬನಿಗೇ ಬರೆದಿದ್ದಾರಾ?"

ಹತ್ತು ಗಂಟೆಗೆ ಗೇಟ್ ತೆರೆಯಿತು. ಬಾಗಿಲ ಪಕ್ಕದ ಕುದುರೆ ತೊಟ್ಟಿಲು ಒಬ್ಬರನ್ನೂ ಕೂರಿಸಿಕೊಳ್ಳದೆ ಸಂಗೀತ ಹಾಕಿಕೊಂಡು ಒಂಟಿಯಾಗಿ ತಿರುಗುತ್ತಿತ್ತು. ಮಿಕ್ಕ ಪೋಲೆಂಡ್ ಎಲ್ಲ ಮೊಬೈಲ್ ಹಿಡಿದು ಹಿಂದಿನ ಮೂಲೆಗೆ ದೌಡಾಯಿಸಿತ್ತು. ಹೆನ್ರಿಕಾ ಕುಂಟುತ್ತ ಅಲ್ಲಿಗೆ ತಲುಪುವ ಹೊತ್ತಿಗೆ ಗ್ರೋಮ್‌ನ ಫಲಕದಲ್ಲಿ ನೂರ ಮೂವತ್ತು ನಿಮಿಷ ಎಂದು ಕೆಂಪು ಅಕ್ಷರ ಹೊಳೆಯುತ್ತಿತ್ತು.

"ಊಟದ ಹೊತ್ತಿಗೆ ಇಳಿಯುತ್ತೆ," ಎಂದ ರಾದೆಕ್, ಮುಖ ಹುಳ್ಳಗೆ ಮಾಡಿಕೊಂಡು.

ಊಟದ ಹೊತ್ತಿಗೆ ಅದು ನಿಜಕ್ಕೂ ಇಳಿಯಿತು, ಅಷ್ಟು ಮಟ್ಟಿಗೆ ಅವನ ಮರ್ಯಾದೆ ಉಳಿಯಿತು. ಅಷ್ಟರೊಳಗೆ ಅವರು ಎರಡು ಚಿಕ್ಕ ಆಟ ಆಡಿ, ಬೆಂಚಿನ ಮೇಲೆ ಕೂತು ಬ್ರೆಡ್ಡಿನ ನಡುವೆ ಇಟ್ಟ ತಣ್ಣನೆಯ ಕಟ್ಲೆಟ್ಟು, ಬೇಯಿಸಿದ ಮೊಟ್ಟೆ, ಉಪ್ಪಿನ ಸೌತೆಕಾಯಿ ತಿಂದು, ಥರ್ಮಾಸಿನ ನಿಂಬೆ ಚಹಾ ಕುಡಿದಿದ್ದರು. ಒಂದೂವರೆಗೆ ಫಲಕದಲ್ಲಿ ಎಪ್ಪತ್ತು. ಮೂವರೂ ಸರದಿಯ ಬಾಲಕ್ಕೆ ಸೇರಿಕೊಂಡರು. ಹೆನ್ರಿಕಾ ಸ್ಟೂಲು ಬಿಡಿಸಿ ಕೂತಳು, ಸಾಲು ಒಂದು ಹೆಜ್ಜೆ ಸರಿದಾಗ ಎದ್ದಳು, ಮತ್ತೆ ಕೂತಳು. ಹೀಗೆ ನಾಲ್ಕು ಸಲ ಆಗಿತ್ತು. ಐದನೆಯ ಸಲ ಎದ್ದಾಗ ಕಾಡಿನ ಆಚೆಯಿಂದ ಗುಡುಗು ಕೇಳಿಸಿತು. ಮರಗಳ ಮೇಲಿನ ಗ್ರೋಮ್ ಗಕ್ಕನೆ ನಿಂತಿತು.

ಹಸಿರು ಸಮವಸ್ತ್ರದ ಹುಡುಗಿಯೊಬ್ಬಳು ಬಂದು ಎಲ್ಲರನ್ನೂ ಹೊರಗೆ ಕಳಿಸಿದಳು. ಸರದಿಯ ದಾರಿಗೆಲ್ಲ ಕಬ್ಬಿಣದ ಕಟಕಟೆ ಇತ್ತು, ಮಿಂಚಿನಲ್ಲಿ ಅಲ್ಲಿ ಯಾರೂ ನಿಲ್ಲುವಂತಿರಲಿಲ್ಲ. ಇನ್ನೂರು ಚಿಲ್ಲರೆ ಜನ ಎದುರಿನ ದೊಡ್ಡ ಛಾವಣಿಯ ಕೆಳಗೆ ಗುಂಪುಗೂಡಿದರು. ಹೊರಗೆ ಮಳೆ ಧೋ ಎಂದು ಸುರಿಯಿತು.

"ಮತ್ತೆ ಯಾವಾಗ ಶುರು ಮಾಡ್ತೀರಿ?" ಎಂದು ಯಾರೋ ಕೇಳಿದರು.

"ಗೊತ್ತಿಲ್ಲ. ಗುಡುಗು ಪೂರ್ತಿ ನಿಂತ ಮೇಲೆ."

"ನಮ್ಮ ಸರದಿ?"

"ಹೊಸ ಸಾಲು. ತೆರೆದಾಗ ಮೊದಲು ಬಂದವರು ಮೊದಲು," ಎಂದು ಹುಡುಗಿ ಪಾಠ ಒಪ್ಪಿಸಿದಂತೆ ಹೇಳಿದಳು.

ಗುಂಪಿನಲ್ಲಿ ಒಂದು ಅಲೆ ಎದ್ದಿತು. ಹಿಂದಿದ್ದವರು ಮುಂದಕ್ಕೆ ನುಸುಳಿದರು, ಮುಂದಿದ್ದವರು ಮೊಣಕೈ ಅಗಲಿಸಿದರು. ಎಲ್ಲರೂ ಬಾಗಿಲ ಕಡೆ ಮುಖ ಮಾಡಿ ಓಟದ ಪಂದ್ಯಕ್ಕೆ ನಿಂತವರ ಹಾಗೆ ನಿಂತುಬಿಟ್ಟರು. ಒಂದು ಗಂಟೆಯಾಗಲಿ ಎರಡು ಗಂಟೆಯಾಗಲಿ ಹೀಗೇ ನಿಲ್ಲುವವರಿದ್ದರು. ಹೆನ್ರಿಕಾ ಒಮ್ಮೆ ತನ್ನ ಸೊಂಟ ಮುಟ್ಟಿಕೊಂಡಳು, ಒಮ್ಮೆ ಕಾಲಿನಾಳ ಮುಖ ನೋಡಿದಳು. ಓಡುವುದು ತನ್ನಿಂದ ಆಗದ ಮಾತು. ಅವಳಿಗೆ ನಿಜವಾಗಿಯೂ ಹೆದರಿಕೆಯಾಯಿತು. ಆ ಹೆದರಿಕೆಯಲ್ಲಿ, ನಲವತ್ತು ವರ್ಷದಿಂದ ಬಳಸದ ಒಂದು ಮಾತು ಅವಳ ಬಾಯಿಂದ ತಾನಾಗಿಯೇ ಹೊರಬಿತ್ತು.

"ಕೊನೆಯವರು ಯಾರು?"

ದೊಡ್ಡ ದನಿಯಲ್ಲೇ ಕೇಳಿದಳು. ಎಳೆಯರು ತಿರುಗಿ ನೋಡಿ ಮತ್ತೆ ಬಾಗಿಲ ಕಡೆ ತಿರುಗಿದರು. ಬಿಳಿ ಮೀಸೆಯ ಒಬ್ಬ ಮುದುಕ ಮಾತ್ರ ಕೈ ಎತ್ತಿ, "ನಾನು. ನನ್ನ ಹಿಂದೆ ನೀವು, ಪಾನಿ," ಎಂದ, ಅಮ್ಮಾವ್ರೇ ಎನ್ನುವ ಮರ್ಯಾದೆಯಲ್ಲಿ. ಹೇಳಿದ ಮೇಲೆ ಅವನಿಗೇ ಆಶ್ಚರ್ಯವಾಗಿ ಎತ್ತಿದ ಕೈಯನ್ನು ನೋಡಿಕೊಂಡ. ಇಬ್ಬರೂ ನಕ್ಕರು.

"ಎಲ್ಲಿ ನಿಂತಿದ್ರಿ?" ಎಂದು ಅವನು ಕೇಳಿದ. ಅಂಗಡಿಗಳು ಖಾಲಿಯಿದ್ದ, ಎಲ್ಲದಕ್ಕೂ ದಿನಗಟ್ಟಲೆ ಸಾಲು ನಿಲ್ಲುತ್ತಿದ್ದ ಕಮ್ಯುನಿಸ್ಟ್ ಕಾಲದ ಮಾತು ಎಂದು ವಿವರಿಸುವ ಅಗತ್ಯವಿರಲಿಲ್ಲ.

"ರಾದೊಮ್‌ನಲ್ಲಿ. ವಾಷಿಂಗ್ ಮೆಷಿನ್ನಿಗೆ ಒಂಬತ್ತು ದಿನ. ಸರದಿ ಸಮಿತಿಗೆ ನಾನೇ ಅಧ್ಯಕ್ಷೆ. ನೀವು?"

"ಲುಬ್ಲಿನ್. ಸೋಫಾ. ಹನ್ನೊಂದು ದಿನ."

"ಸಿಕ್ತಾ?"

"ಸಿಕ್ತು. ಹಸಿರು ಕೇಳಿದ್ದೆ, ಕಂದು ಕೊಟ್ರು. ಈಗ್ಲೂ ಅದರ ಮೇಲೇ ಗೊರಕೆ ಹೊಡೀತೀನಿ." ಅವನು ಟೋಪಿ ಮುಟ್ಟಿಕೊಂಡ. "ಎಡ್ಮುಂಡ್. ಪಟ್ಟಿ ಬರೆಯೋಣ್ವಾ?"

"ಕಾಲಿನಾ, ನಿನ್ನ ನೋಟ್‌ಬುಕ್ಕು ಕೊಡು ಚಿನ್ನ."

ರೆಕ್ಕೆ ಕುದುರೆಯ ಚಿತ್ರವಿದ್ದ ಗುಲಾಬಿ ನೋಟ್‌ಬುಕ್ಕು ಹೊರಬಂತು. ಹೆನ್ರಿಕಾ ಒಂದು ಮೇಜಿನ ಮುಂದೆ ಸ್ಟೂಲು ಹಾಕಿ ಕೂತು ಗೆರೆ ಎಳೆದಳು. ಮಳೆ ಬಂದಾಗ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಇದ್ದವರು ಯಾರು, ಅವರ ಹಿಂದೆ ಯಾರು ಎಂದು ಎಡ್ಮುಂಡ್ ಕೂಗಿ ಕೂಗಿ ವಿಚಾರಿಸಿದ. ಐವತ್ತು ದಾಟಿದವರೆಲ್ಲ ಮರು ಮಾತಾಡದೆ ಬಂದು ಹೆಸರು ಹೇಳಿದರು, ತಮ್ಮ ಹಿಂದೆ ಯಾರಿದ್ದರೆಂದೂ ಹೇಳಿದರು. ಅವರ ಮಕ್ಕಳು ಕಣ್ಣು ಕಣ್ಣು ಬಿಟ್ಟರು. ತೋಳು ತುಂಬ ಹಚ್ಚೆ ಹಾಕಿಸಿಕೊಂಡ, ಮೂವತ್ತರ ಆಸುಪಾಸಿನ ಒಬ್ಬ ಮಾತ್ರ ಎದೆಯುಬ್ಬಿಸಿ ಬಂದ.

"ಅಲ್ಲ ಅಜ್ಜಿ, ಪಟ್ಟಿ ಮಾಡೋ ಅಧಿಕಾರ ನಿಮಗೆ ಯಾರು ಕೊಟ್ರು?"

"ಯಾರೂ ಕೊಟ್ಟಿಲ್ಲ. ಅವತ್ತೂ ಕೊಟ್ಟಿರ್ಲಿಲ್ಲ. ಹೆಸರು?"

"ನಾನು ಕೊಡಲ್ಲ ಅಂದ್ರೆ?"

"ಸಂತೋಷ. ಇಲ್ಲೇ ನಿಂತಿರಪ್ಪ. ಇಷ್ಟು ಜನ ಹೋಗಿ ಕೂತು ಕಾಫಿ ಕುಡೀತಾರೆ, ನೀನು ಬಾಗಿಲು ಕಾಯಿ."

ಅವನ ಹೆಂಡತಿ ಕಿಸಕ್ಕನೆ ನಕ್ಕಳು. "ದಾಮಿಯಾನ್ ಮತ್ತು ಇಲೋನಾ," ಎಂದು ಅವಳೇ ಬರೆಸಿದಳು. ನೂರ ನಲವತ್ತು, ನೂರ ನಲವತ್ತೊಂದು.

ಬಾಲ್‌ಪೆನ್ನಿನಿಂದ ಎಲ್ಲರ ಅಂಗೈಯಲ್ಲೂ ಸಂಖ್ಯೆ ಬಿತ್ತು. ನೂರ ಎಂಬತ್ತೈದು ಎಡ್ಮುಂಡ್. ಆಮೇಲಿನ ಮೂರು ರಾದೆಕ್, ಕಾಲಿನಾ, ಹೆನ್ರಿಕಾ. ಅವರ ಹಿಂದೆಯೂ ಜನ ಸೇರುತ್ತಲೇ ಇದ್ದರು. ಎಲ್ಲ ಮುಗಿದ ಮೇಲೆ ಹೆನ್ರಿಕಾ ಎದ್ದು ನಿಂತು ನಿಯಮ ಹೇಳಿದಳು. ಅರ್ಧ ಗಂಟೆಗೊಮ್ಮೆ ಹಾಜರಿ. ಹೆಸರು ಕೂಗಿದಾಗ ಇಲ್ಲದವರ ಹೆಸರಿಗೆ ಗೆರೆ, ಮತ್ತೆ ಬೇಕಾದರೆ ಪಟ್ಟಿಯ ತುದಿಗೆ. ಅಳುವುದು, ಅಂಗಲಾಚುವುದು, ನೆಂಟಸ್ತನ ಹೇಳುವುದು ಯಾವುದೂ ನಡೆಯುವುದಿಲ್ಲ.

ಆಮೇಲೆ ಆದದ್ದನ್ನು ಆ ಹಸಿರು ಸಮವಸ್ತ್ರದ ಹುಡುಗಿ ಬಾಯಿ ತೆರೆದುಕೊಂಡು ನೋಡಿದಳು. ಬಾಗಿಲ ಮುಂದಿನ ಜಾತ್ರೆ ಕರಗಿಹೋಯಿತು. ಜನ ಕುರ್ಚಿ ಹುಡುಕಿಕೊಂಡು ಕೂತರು, ಬಿಸಿ ಸೂಪು ತಂದರು, ಒದ್ದೆ ಕಾಲುಚೀಲ ಹಿಂಡಿದರು, ಪಕ್ಕದವರ ಊರು ಕೇರಿ ವಿಚಾರಿಸಿದರು. ಗ್ರೋಮ್‌ಗೆ ಇನ್ನೂರಕ್ಕೂ ಹೆಚ್ಚು ಜನರ ಸರದಿ ಇತ್ತು, ಆದರೆ ಒಬ್ಬರೂ ನಿಂತಿರಲಿಲ್ಲ. ರಾದೆಕ್ ಮೊಬೈಲಿನಲ್ಲಿ ನೋಡಿದ: ಗ್ರೋಮ್, ಮುಚ್ಚಿದೆ, ಕಾಯುವ ಸಮಯ ಸೊನ್ನೆ.

"ಅಮ್ಮ, ಇದು ಆ್ಯಪ್‌ನಲ್ಲಿ ಇಲ್ವೇ ಇಲ್ಲ," ಎಂದ. ಅವನ ದನಿಯಲ್ಲಿ ಗೌರವವಿತ್ತು.

ಎರಡೂವರೆಯ ಹಾಜರಿ ಸಲೀಸಾಗಿ ಮುಗಿಯಿತು. ಮೂರರದ್ದೂ ಮುಗಿಯಿತು. ಆಗ ರಾದೆಕ್‌ನ ಮೊಬೈಲು ಟಿಣ್ ಎಂದಿತು. ಆಚೆಯ ಕಟ್ಟಡದೊಳಗೆ ನಡೆಯುವ ಭೂತದ ಗಣಿ ಆಟಕ್ಕೆ ಕಾಯಬೇಕಾದದ್ದು ಬರೀ ಹತ್ತು ನಿಮಿಷ ಎಂದು ಅದು ಹೇಳಿತು.

"ಸುಮ್ನೆ ಕೂರೋದ್ಯಾಕೆ? ಕಾಲಿನಾನ ಕರ್ಕೊಂಡು ಹೋಗಿ ಮೂರು ಇಪ್ಪತ್ತಕ್ಕೆ ಇಲ್ಲಿರ್ತೀನಿ."

"ರಾದೆಕ್, ಬೇಡಪ್ಪ."

"ಹತ್ತೇ ನಿಮಿಷ ಅಮ್ಮ!"

ಅಪ್ಪ ಮಗಳು ಮಳೆಯಲ್ಲಿ ಓಡಿದರು. ಆ ಹತ್ತು ನಿಮಿಷದ ಸುದ್ದಿ ಬೇರೆ ಇನ್ನೆಷ್ಟು ಮೊಬೈಲಿನಲ್ಲಿ ಟಿಣ್ ಎಂದಿತ್ತೋ ದೇವರಿಗೇ ಗೊತ್ತು.

ಮೂರೂವರೆ. ಹೆನ್ರಿಕಾ ಮತ್ತೆ ಹೆಸರು ಕೂಗತೊಡಗಿದಳು. ನೂರ ನಲವತ್ತಕ್ಕೂ ನೂರ ನಲವತ್ತೊಂದಕ್ಕೂ ಉತ್ತರವಿಲ್ಲ. ಎರಡು ಸಲ ಕೂಗಿ ಗೆರೆ ಎಳೆದಳು. ಅರ್ಧ ನಿಮಿಷದ ಮೇಲೆ ದಾಮಿಯಾನ್ ಮತ್ತು ಇಲೋನಾ ಕೈಯಲ್ಲಿ ಎರಡೆರಡು ಐಸ್‌ಕ್ರೀಮ್ ಹಿಡಿದು ಓಡಿ ಬಂದರು.

"ಇಲ್ಲೇ ಇದೀವಿ ಅಜ್ಜಿ, ಇಲ್ಲೇ!"

"ಇಲ್ಲಿ ಇರ್ಲಿಲ್ಲ. ತುದಿಗೆ ಹೋಗಿ. ಇನ್ನೂರ ಇಪ್ಪತ್ತೈದು, ಇನ್ನೂರ ಇಪ್ಪತ್ತಾರು."

ದಾಮಿಯಾನ್ ಕೆಂಪಗಾದ. ಆದರೆ ಸುತ್ತ ಇದ್ದವರೆಲ್ಲ ಅವನನ್ನೇ ನೋಡುತ್ತಿದ್ದರು. ಅವನು ಅಂಗೈ ಉಜ್ಜಿ ಹಳೆಯ ಸಂಖ್ಯೆ ಅಳಿಸಿ, ಮೇಜಿನ ಪಕ್ಕದಲ್ಲೇ ಕೈ ಕಟ್ಟಿ ನಿಂತ. ಹೆನ್ರಿಕಾ ಮುಂದುವರಿಸಿದಳು. ನೂರ ಎಂಬತ್ತು, ಇದ್ದೇನೆ. ನೂರ ಎಂಬತ್ತೈದು, ಇದ್ದೇನೆ. ಆಮೇಲೆ ಅವಳ ಬೆರಳು ತನ್ನದೇ ಮನೆಯ ಹೆಸರುಗಳ ಮೇಲೆ ಬಂದು ನಿಂತಿತು.

"ನೂರ ಎಂಬತ್ತಾರು, ರಾದೆಕ್." ಮಳೆಯ ಸದ್ದು. "ನೂರ ಎಂಬತ್ತೇಳು, ಕಾಲಿನಾ."

ಅವಳು ಭೂತದ ಗಣಿಯ ದಾರಿಯ ಕಡೆ ನೋಡಿದಳು. ಯಾರೂ ಬರುತ್ತಿರಲಿಲ್ಲ. ಎಡ್ಮುಂಡ್ ಬಗ್ಗಿ ಪಿಸುಗುಟ್ಟಿದ, "ಪಾನಿ ಹೆನ್ರಿಕಾ, ಮುಂದಿನ ಹೆಸರಿಗೆ ಹೋಗ್ಬಿಡಿ. ನನಗೆ ಈ ಕಿವಿ ಕೇಳಿಸಲ್ಲ, ಆ ಕಿವೀನೂ ಕೇಳಿಸಲ್ಲ."

ದಾಮಿಯಾನ್ ಸುಮ್ಮನೆ ಐಸ್‌ಕ್ರೀಮ್ ನೆಕ್ಕುತ್ತ ನೋಡುತ್ತಿದ್ದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಹೆನ್ರಿಕಾಗೆ ನೋಟ್‌ಬುಕ್ಕು ಹರಿದು ಮಳೆಗೆ ಎಸೆಯುವಷ್ಟು ಸಿಟ್ಟು ಬಂತು, ಅಳಿಯನ ಮೇಲೆ, ಮೊಬೈಲಿನ ಮೇಲೆ, ಎಲ್ಲಕ್ಕಿಂತ ತನ್ನ ಮೇಲೆ. ಅವಳು ಎರಡನೆಯ ಸಲ ಕೂಗಿದಳು. ಆಮೇಲೆ ಎರಡು ಹೆಸರಿಗೂ ಗೆರೆ ಎಳೆದಳು. ಒಂದು ಕ್ಷಣ ಯೋಚಿಸಿ ಕೆಳಗಿನ ತನ್ನ ಹೆಸರಿಗೂ ಎಳೆದಳು.

"ನೀವು ಇಲ್ಲೇ ಇದ್ದೀರಲ್ಲ!" ಎಂದ ಎಡ್ಮುಂಡ್.

"ಅವಳ ಪಕ್ಕ ಕೂರದೆ ನಾನೊಬ್ಬಳೇ ಹತ್ತಿ ಏನು ಮಾಡ್ಲಿ?"

ಕಾಲಿನಾ ಮೂರು ಮೂವತ್ತೇಳಕ್ಕೆ ಬಂದಳು. ಅಪ್ಪನ ಕೈ ಬಿಡಿಸಿಕೊಂಡು ಒಬ್ಬಳೇ ಮುಂದೆ ಓಡಿ ಬಂದಿದ್ದಳು, ಮೈಯೆಲ್ಲ ತೊಪ್ಪೆಯಾಗಿತ್ತು. ಬಂದವಳೇ ನೋಟ್‌ಬುಕ್ಕು ನೋಡಿದಳು.

"ಅಜ್ಜಿ, ನೀನೇ ಹೊಡೆದು ಹಾಕಿದ್ಯಾ?"

"ಹೂಂ. ನಾನೇ."

ಹಿಂದಿನಿಂದ ರಾದೆಕ್ ಏದುಸಿರು ಬಿಡುತ್ತ ಬಂದ. "ಅಮ್ಮ! ಮಂಗಳವಾರ ಆಪರೇಷನ್ನು! ಇವತ್ತು ಬಿಟ್ರೆ ಇಲ್ಲ ಅಂತ ನಿಮಗೇ ಗೊತ್ತಲ್ಲ! ನಿಮ್ಮ ಸ್ವಂತ ಮೊಮ್ಮಗಳು!"

"ಗೊತ್ತಪ್ಪ," ಎಂದಳು ಹೆನ್ರಿಕಾ.

ಕಾಲಿನಾ ಬಗ್ಗಿ ಬೂಟಿನ ಲೇಸು ಬಿಚ್ಚಿದಳು, ಮತ್ತೆ ಕಟ್ಟಿದಳು. ಆಮೇಲೆ ತಲೆ ಎತ್ತಿ ಪುಟ ತಿರುವಿದಳು. "ಈ ದಾಮಿಯಾನ್ ಅಂಕಲ್‌ದೂ ಹೊಡೆದಿದ್ದೀಯಾ?"

"ಅವರದ್ದೂ ಹೊಡೆದಿದ್ದೀನಿ."

"ಹಾಗಾದ್ರೆ ಸರಿ," ಎಂದಳು ಕಾಲಿನಾ. ಮೂಗು ಒರೆಸಿಕೊಂಡು ಗುಂಪಿನ ಕಡೆ ತಿರುಗಿ, ಅಜ್ಜಿಯದ್ದೇ ದನಿಯಲ್ಲಿ ಕೇಳಿದಳು, "ಕೊನೆಯವರು ಯಾರು?"

ಗಂಡನ ಜೊತೆ ಕೂತಿದ್ದ ಒಬ್ಬ ದಪ್ಪ ಹೆಂಗಸು ಕೈ ಎತ್ತಿದಳು. ಅವಳದು ಇನ್ನೂರ ಇಪ್ಪತ್ತೆಂಟು. ಕಾಲಿನಾ ತಾನೇ ಪೆನ್ನು ತೆಗೆದುಕೊಂಡು ಇನ್ನೂರ ಇಪ್ಪತ್ತೊಂಬತ್ತು ಎಂದು ಬರೆದು ಮುಂದೆ ತನ್ನ ಹೆಸರು ಬರೆದಳು, ಕೆಳಗೆ ಅಜ್ಜಿ, ಅದರ ಕೆಳಗೆ ಅಪ್ಪ. ಹೆನ್ರಿಕಾ ಕಣ್ಣಿನಲ್ಲಿ ಕಸ ಬಿದ್ದವಳಂತೆ ಮುಖ ತಿರುಗಿಸಿಕೊಂಡಳು.

"ನಿನ್ನ ಅಜ್ಜನ್ನೂ ಹೀಗೇ ಹೊಡೆದು ಹಾಕಿದ್ದೆ," ಎಂದಳು, ಟವೆಲಿನಿಂದ ಕಾಲಿನಾಳ ತಲೆ ಒರೆಸುತ್ತ.

"ಅಜ್ಜನ್ನಾ? ಸುಳ್ಳು!"

"ಆಗ ಅವನು ಅಜ್ಜ ಅಲ್ಲ, ನಲವತ್ತೆರಡನೇ ನಂಬರು. ಹಾಜರಿಗೆ ಹತ್ತು ನಿಮಿಷ ತಡವಾಗಿ ಬಂದ. ಕೈಯಲ್ಲಿ ಎರಡು ಬನ್ನು. ಒಂದು ನನಗೇ ತಂದಿದ್ದನಂತೆ. ನಾನು ಬನ್ನು ತಗೊಂಡೆ, ಹೆಸರು ಹೊಡೆದೆ."

"ಸಿಟ್ಟು ಮಾಡ್ಕೊಂಡ್ನಾ?"

"ಎಲ್ಲಿಯ ಸಿಟ್ಟು! ತುದಿಯಲ್ಲಿ ಹೋಗಿ ನಿಂತ. ನಾಲ್ಕು ದಿನ ಹೆಚ್ಚು ನಿಲ್ಲಬೇಕಾಯ್ತಲ್ಲ, ಆ ನಾಲ್ಕು ದಿನದಲ್ಲೇ ಮಾತು ಬೆಳೀತು. ಮದುವೆ ಆದಾಗ ಎರಡು ವಾಷಿಂಗ್ ಮೆಷಿನ್ನು ನಮ್ಮ ಮನೇಲಿ."

ಗುಡುಗು ನಾಲ್ಕೂವರೆಗೆ ನಿಂತಿತು. ಐದಕ್ಕೆ ಗ್ರೋಮ್‌ನ ಬಾಗಿಲು ತೆರೆಯಲು ಮೇಲ್ವಿಚಾರಕಿ ಬಂದಳು. ಕತ್ತರಿಸಿದ ನರೆಗೂದಲು, ಸೊಂಟದಲ್ಲಿ ವಾಕಿಟಾಕಿ. ತಳ್ಳಾಟಕ್ಕೆ ತಯಾರಾಗಿ ಬಂದಿದ್ದವಳಿಗೆ, ಅಂಗೈ ತೋರಿಸುತ್ತ ಸಾಲಾಗಿ ನಿಂತ ಜನ ಕಾಣಿಸಿದರು. ಅವಳು ಗುಲಾಬಿ ನೋಟ್‌ಬುಕ್ಕು ಕೈಗೆತ್ತಿಕೊಂಡು ಮೊದಲಿಂದ ಕೊನೆಯವರೆಗೆ ತಿರುವಿದಳು.

"ನಮ್ಮಮ್ಮ ಫ್ರಿಜ್ಜಿಗೆ ನಿಂತಿದ್ರು," ಎಂದಳು. "ನನ್ನನ್ನ ಸ್ಟೂಲ್ ಮೇಲೆ ಕೂರಿಸಿ ಕೆಲಸಕ್ಕೆ ಹೋಗೋರು." ಆಮೇಲೆ ದನಿ ಗಟ್ಟಿ ಮಾಡಿಕೊಂಡಳು. "ಪಟ್ಟಿ ಪ್ರಕಾರವೇ ಬಿಡ್ತೀನಿ. ಆದರೆ ಮಳೆ ಬಂದಿದ್ರಿಂದ ಒಂದೇ ರೈಲು ಓಡಿಸೋದು. ಹದಿನಾರು ಸೀಟು. ಸುತ್ತಿಗೆ ಐದು ನಿಮಿಷ. ಆರಕ್ಕೆ ಬಂದ್. ಯಾರೇ ಬಂದು ಬೇಡಿದ್ರೂ ಆರರ ಮೇಲೆ ರೈಲು ಹೊರಡಲ್ಲ."

ಹೆನ್ರಿಕಾ ಮನಸ್ಸಿನಲ್ಲೇ ಗುಣಿಸಿದಳು. ಗಂಟೆಗೆ ಹನ್ನೆರಡು ಸುತ್ತು. ನೂರ ತೊಂಬತ್ತೆರಡು ಜನ. ಹೊಡೆದು ಹಾಕಿದ ಹಳೆಯ ನಂಬರುಗಳಿಗೆ ಬರುತ್ತಿತ್ತು ಸರದಿ, ತುದಿಯಲ್ಲಿ ಮತ್ತೆ ಬರೆದುಕೊಂಡ ನಂಬರುಗಳಿಗೆ ಬರುತ್ತಿರಲಿಲ್ಲ. ಕಾಲಿನಾ ಅವಳ ಮುಖ ಓದಲು ನೋಡಿದಳು. ಹೆನ್ರಿಕಾ ಮುಖ ತೋರಿಸಲಿಲ್ಲ.

ಮೊದಲ ಸುತ್ತನ್ನು ಅವಳು ಕಟಕಟೆಗೆ ಒರಗಿ ಕೂತು ಕಣ್ಣಿಟ್ಟು ನೋಡಿದಳು. ರೈಲು ಓಡುವುದಕ್ಕೆ ಎರಡೇ ನಿಮಿಷ. ಮಿಕ್ಕ ಮೂರು ನಿಮಿಷ ಹೋದದ್ದು ಬೇರೆ ಕಡೆ. ಒಬ್ಬನ ಚೀಲ ಎಲ್ಲಿಡುವುದು, ಒಬ್ಬಳ ಕನ್ನಡಕ ತೆಗೆಯಬೇಕೇ, ನೀನು ಅವಳ ಪಕ್ಕ ಕೂರು, ಇಲ್ಲ ನಾನು ಮುಂದೆ, ಅಯ್ಯೋ ನನ್ನ ಟೋಪಿ.

"ಪಾನ್ ಎಡ್ಮುಂಡ್!" ಎಂದು ಹೆನ್ರಿಕಾ ಎದ್ದಳು. ಸೊಂಟ ಕಟಕ್ ಎಂದಿತು, ಅವಳು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. "ನೀವು ಇಲ್ಲಿ ನಿಂತು ಚೀಲ, ಟೋಪಿ, ಕನ್ನಡಕ ಎಲ್ಲ ಮುಂಚೆಯೇ ತಗೊಳ್ಳಿ. ನಂಬರ್ ಪ್ರಕಾರ ಸಾಲಾಗಿ ಇಟ್ಕೊಳ್ಳಿ. ರಾದೆಕ್!"

"ಏನಮ್ಮ," ಎಂದ ರಾದೆಕ್, ಬೈಸಿಕೊಳ್ಳಲು ಸಿದ್ಧನಾಗಿ.

"ಆ ನಿನ್ನ ಮೊಬೈಲಲ್ಲಿ ಗಡಿಯಾರ ಇದೆಯಾ?"

"ಸೆಕೆಂಡೂ ತೋರಿಸುತ್ತೆ."

"ಹಾಗಾದ್ರೆ ಇವತ್ತು ಮೊದಲ ಸಲ ಅದು ಕೆಲಸಕ್ಕೆ ಬಂತು. ಪ್ರತಿ ಸುತ್ತೂ ಕೂಗಿ ಹೇಳು."

ಅವಳು ಮುಂದಿನ ಹದಿನಾರು ಜನರನ್ನು ಹೆಸರು ಹಿಡಿದು ಕರೆದು, ಜೋಡಿ ಮಾಡಿ, ಬಾಗಿಲ ಈಚೆ ನಿಲ್ಲಿಸಿದಳು. ರೈಲು ಬಂದು ನಿಲ್ಲುವ ಹೊತ್ತಿಗೆ ಅವರು ಬರಿಗೈಯಲ್ಲಿ ತುದಿಗಾಲಲ್ಲಿ ನಿಂತಿದ್ದರು. ಇಳಿಯುವವರು ಆ ಕಡೆ, ಹತ್ತುವವರು ಈ ಕಡೆ, ಠಕ್ ಎಂದು ಅಡ್ಡಪಟ್ಟಿ ಬಿತ್ತು, ರೈಲು ಹೊರಟಿತು.

"ನಾಲ್ಕು ನಿಮಿಷ ಹತ್ತು ಸೆಕೆಂಡು!" ಎಂದು ರಾದೆಕ್ ಕೂಗಿದ. ಆಮೇಲೆ, "ಮೂರು ಐವತ್ತು!" ಆಮೇಲೆ, "ಮೂರು ನಲವತ್ತು! ಅಮ್ಮ, ಮೂರು ನಲವತ್ತು!" ಸಾಲಿನಲ್ಲಿದ್ದವರು ಚಪ್ಪಾಳೆ ತಟ್ಟತೊಡಗಿದರು. ಹಸಿರು ಸಮವಸ್ತ್ರದ ಹುಡುಗಿಗೂ ಹುರುಪು ಹತ್ತಿತು, ತೋಳು ಮಡಚಿಕೊಂಡು ಅಡ್ಡಪಟ್ಟಿಗಳನ್ನು ಪಟಪಟನೆ ಒತ್ತುತ್ತ ಹೋದಳು. ಎಡ್ಮುಂಡ್ ತನ್ನ ಸರದಿ ಬಂದಾಗ ಮೇಲೆ ಹೋಗಿ, ಮೀಸೆ ಕೆದರಿಕೊಂಡು ಬಂದು, "ಸೋಫಾಗಿಂತ ವಾಸಿ," ಎಂದು ಮತ್ತೆ ಚೀಲಗಳ ಹತ್ತಿರ ನಿಂತ. ಆಮೇಲೆ ಬಂದ ಹೊಸಬರಿಗೆ ಆರಕ್ಕೆ ಬಂದ್ ಎಂದು ಹೇಳಿ ವಾಪಸು ಕಳಿಸುವ ಕೆಲಸವೂ ಅವನದ್ದೇ ಆಯಿತು.

ಆರಕ್ಕೆ ಇನ್ನು ಐದು ನಿಮಿಷ ಇರುವಾಗ ರೈಲು ಬಂದು ನಿಂತು ಖಾಲಿಯಾಯಿತು. ಹತ್ತಲು ಉಳಿದದ್ದು ಏಳೇ ಜನ. ದಾಮಿಯಾನ್, ಇಲೋನಾ, ದಪ್ಪ ಹೆಂಗಸು, ಅವಳ 'ನಾನು ಕಣ್ಣು ಮುಚ್ಚಿಕೊಂಡಿರ್ತೀನಿ' ಎನ್ನುತ್ತಿದ್ದ ಗಂಡ, ಆಮೇಲೆ ಇವರು ಮೂವರು.

ಕಾಲಿನಾ ಯಾರೂ ಹೇಳುವ ಮೊದಲೇ ಅಳತೆಯ ಕಂಬಕ್ಕೆ ಬೆನ್ನು ಕೊಟ್ಟು ನಿಂತಳು. ಹಲಗೆ ಅವಳ ಒದ್ದೆ ಕೂದಲಿಗೆ ತಾಗಿತು.

"ಸರಿಯಾಗಿದೆ, ಹೋಗು," ಎಂದಳು ಹುಡುಗಿ. ಅಷ್ಟೇ. ಒಂದು ವರ್ಷದ ಪೆನ್ಸಿಲ್ ಗೆರೆಗಳು ಎರಡು ಮಾತಿನಲ್ಲಿ ತೀರಿದವು.

ರೈಲಿನ ಎಲ್ಲಕ್ಕಿಂತ ಮುಂದಿನ ಸೀಟು ಹತ್ತಿರದಲ್ಲಿದ್ದದ್ದು ದಾಮಿಯಾನ್‌ಗೆ. ಅವನು ಅದರ ಮೇಲೆ ಕೈಯಿಟ್ಟು, ಹೆನ್ರಿಕಾ ಕಡೆ ತಿರುಗಿದ. "ಪಟ್ಟಿ ಪ್ರಕಾರ ಇದು ನಂದು ಅಲ್ವಾ ಅಜ್ಜಿ?"

"ನಿಂದೇ ಕಣಪ್ಪ."

"ಅಂದ್ರೆ ನಾನು ಯಾರಿಗೆ ಬೇಕಾದ್ರೂ ಕೊಡಬಹುದು." ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ. "ನೀವು ನಿಮ್ಮ ಮೊಮ್ಮಗಳನ್ನೇ ಹೊಡೆದು ಹಾಕ್ತೀರಿ ಅಂತ ನಾನು ಅಂದ್ಕೊಂಡಿರ್ಲಿಲ್ಲ. ಕೂತ್ಕೊಳ್ಳಿ."

ಹೆನ್ರಿಕಾ ಬಲಗಾಲನ್ನು ಎರಡೂ ಕೈಯಿಂದ ಎತ್ತಿ ಒಳಗಿಟ್ಟಳು. ನೋಯಿತು, ಚೆನ್ನಾಗಿಯೇ ನೋಯಿತು. ಅಡ್ಡಪಟ್ಟಿ ಬಿತ್ತು. ರೈಲು ಮರಗಳ ಮೇಲಕ್ಕೆ ಕಟಕಟ ಎನ್ನುತ್ತ ಏರಿತು. ಕೆಳಗೆ ಒದ್ದೆ ಕಾಡು, ಕಾರುಗಳು ಖಾಲಿಯಾಗುತ್ತಿದ್ದ ಮೈದಾನ, ಆ ಒಂಟಿ ಕುದುರೆ ತೊಟ್ಟಿಲು. ಕಾಲಿನಾ ಅಜ್ಜಿಯ ಕೈ ಹಿಡಿದುಕೊಂಡಳು. ತುದಿಯಲ್ಲಿ ಒಂದು ಗಳಿಗೆ ಎಲ್ಲವೂ ನಿಂತಂತಾಯಿತು, ಆಮೇಲೆ ಪ್ರಪಂಚವೇ ಕೆಳಗೆ ಬಿತ್ತು. ಹೆನ್ರಿಕಾ ಕಿರುಚಿದಳು. ಮೂರು ವರ್ಷ ಕುಂಟಿದ್ದು, ಆರು ವರ್ಷ ಒಬ್ಬಳೇ ಚಹಾ ಕುಡಿದದ್ದು, ಮಂಗಳವಾರದ ಭಯ, ಎಲ್ಲವನ್ನೂ ಸೇರಿಸಿ ಗಂಟಲು ಬಿಚ್ಚಿ ಕಿರುಚಿದಳು. ಪಕ್ಕದಲ್ಲಿ ಹುಡುಗಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ರೈಲು ಬಂದು ನಿಂತಾಗ ಅವಳ ಬಿಳಿ ಕೂದಲು ಎದ್ದು ನಿಂತಿತ್ತು, ಕಣ್ಣಲ್ಲಿ ನೀರಿತ್ತು. ಹಸಿರು ಸಮವಸ್ತ್ರದ ಹುಡುಗಿ ಅಡ್ಡಪಟ್ಟಿ ಎತ್ತಲು ಬಂದವಳು ಬಾಗಿಲ ಕಡೆ ನೋಡಿದಳು. ಅಲ್ಲಿ ಚೀಲಗಳ ನಡುವೆ ಎಡ್ಮುಂಡ್ ಒಬ್ಬನೇ ನಿಂತಿದ್ದ.

"ನಿಮ್ಮ ಹಿಂದೆ ಯಾರಾದ್ರೂ ಇದ್ದಾರಾ?"

ಕಾಲಿನಾ ಅಂಗೈಯ ಇನ್ನೂರ ಇಪ್ಪತ್ತೊಂಬತ್ತನ್ನು ಮೇಲೆತ್ತಿ ತೋರಿಸಿದಳು. "ಇಲ್ಲ! ಕೊನೆಯವರು ನಾವೇ!"

ಹುಡುಗಿ ಮೇಲ್ವಿಚಾರಕಿಯ ಕಡೆ ನೋಡಿದಳು. ಮೇಲ್ವಿಚಾರಕಿ ಗಡಿಯಾರ ನೋಡಿದಳು.

"ಐದು ಐವತ್ತೆಂಟು!" ಎಂದು ಹಿಂದಿನ ಸೀಟಿನಿಂದ ರಾದೆಕ್ ಕೂಗಿದ. "ಮತ್ತೆ ಹದಿನೈದು ಸೆಕೆಂಡು!"

"ಆರಾಗಿಲ್ಲ," ಎಂದಳು ಮೇಲ್ವಿಚಾರಕಿ. "ಸಾಲಲ್ಲೂ ಯಾರೂ ಇಲ್ಲ. ಇಳೀಬೇಡಿ."

"ನಾನು ಇಳೀತೀನಿ!" ಎಂದ ದಪ್ಪ ಹೆಂಗಸಿನ ಗಂಡ. ಯಾರೂ ಅವನ ಮಾತಿಗೆ ಕಿವಿಗೊಡಲಿಲ್ಲ. ಹೆನ್ರಿಕಾ ಮೊಮ್ಮಗಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಬನ್ನು ಹಿಡಿದುಕೊಂಡು ಪಟ್ಟಿಯ ತುದಿಗೆ ಹೋದ ಜಿಸ್ವಾವ್ ಅವತ್ತು ಯಾಕೆ ಸಿಟ್ಟು ಮಾಡಿಕೊಳ್ಳಲಿಲ್ಲ ಎಂದು ಅವಳಿಗೆ ಈಗ ಅರ್ಥವಾಯಿತು. ರೈಲು ಮತ್ತೆ ಹೊರಟಿತು.